ಒಲೆ ಹಚ್ಚಬೇಡಿ ಎಂದ ಕಲ್ಲಮ್ಮ

ತಿಪಟೂರಿಗೆ ಬೆಂಗಳೂರಿನ ಪತ್ರಿಕೆಗಳು ಬೆಳಗಿನ ಬಸ್ಸಿಗೆ ಬರುತ್ತಿದ್ದವು. ದೆಹಲಿಯಲ್ಲಿ ಯಾರು ಯಾರನ್ನು ಬೈದರು, ಯಾವ ದೇಶದಲ್ಲಿ ಯುದ್ಧ ನಿಂತಿತು, ಎಲ್ಲಿ ಶುರುವಾಯಿತು ಎಂಬುದೆಲ್ಲ ಅವುಗಳಲ್ಲಿ ಇರುತ್ತಿತ್ತು. ಗಂಡಸರು ಅದನ್ನು ಹೋಟೆಲಿನ ಬೆಂಚಿನ ಮೇಲೆ ಹರಡಿಕೊಂಡು, ಒಂದು ಕಾಫಿಯನ್ನು ಇಬ್ಬರು ಕುಡಿದು, ದೇಶದ ಗತಿ ನೆಟ್ಟಗಿಲ್ಲ ಎಂದು ತೀರ್ಮಾನಿಸಿ ಕೊಬ್ಬರಿ ಮಂಡಿಗೆ ಹೊರಡುತ್ತಿದ್ದರು. ಆದರೆ ಹಳೇಸಂತೆ ಬೀದಿಯಲ್ಲಿ ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಮಗಳನ್ನು ನೋಡಲು ಚಿಕ್ಕನಾಯಕನಹಳ್ಳಿಯಿಂದ ಗಂಡಿನವರು ಬಂದು ಉಪ್ಪಿಟ್ಟು ತಿಂದು ಸುಮ್ಮನೆ ಎದ್ದು ಹೋದರು, ನಾಡಿದ್ದು ಯಾರ ಮನೆಯಲ್ಲಿ ಏನು ವಿಶೇಷ ಎಂಬುದು ಯಾವ ಪತ್ರಿಕೆಯಲ್ಲೂ ಬರುತ್ತಿರಲಿಲ್ಲ. ಅದು ಕಲ್ಲಮ್ಮನ ಬಾಯಲ್ಲಿ ಬರುತ್ತಿತ್ತು.

ಕಲ್ಲಮ್ಮ ಕರೆಯುವವಳು. ಹಾಗೆಂದರೆ ಈಗಿನವರಿಗೆ ಅರ್ಥವಾಗಲಿಕ್ಕಿಲ್ಲ. ಎಂಬತ್ತರ ಆಚೀಚಿನ ಆ ದಿನಗಳಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸುವುದು ಗಂಡಸರ ಚಟವಾಗಿತ್ತೇ ಹೊರತು, ಅದನ್ನು ನೋಡಿ ಯಾವ ಹೆಂಗಸೂ ಯಾರ ಮನೆಗೂ ಹೋಗುತ್ತಿರಲಿಲ್ಲ. ಒಬ್ಬಳು ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಬಂದು, ಹೆಸರು ಹಿಡಿದು, ಬಾಯಿ ತುಂಬ ಕರೆದರೆ ಮಾತ್ರ ಅದು ಕರೆ. ಇಲ್ಲದಿದ್ದರೆ, "ಕರೀದೆ ಇದ್ದ ಮನೆಗೆ ಹೋಗಾಕೆ ನಾವೇನು ಗತಿಗೆಟ್ಟಿದ್ದೀವಾ?" ಎಂದು ಕೂತುಬಿಡುತ್ತಿದ್ದರು. ದೊಡ್ಡ ಮನೆಗಳ ಹೆಂಗಸರಿಗೆ ಇಡೀ ಬೀದಿ ಸುತ್ತುವಷ್ಟು ಕಾಲಿನಲ್ಲಿ ಬಲವಿಲ್ಲ. ಸುತ್ತಿದರೆ ಮರ್ಯಾದೆಗೂ ಕೊಂಚ ಕಡಿಮೆ. ಅವರ ಪರವಾಗಿ ಕಲ್ಲಮ್ಮ ಸುತ್ತುತ್ತಿದ್ದಳು. ಅದಕ್ಕೆ ಅಕ್ಕಿ, ಕಾಯಿ, ಹಬ್ಬಕ್ಕೊಂದು ಸೀರೆ ಸಿಗುತ್ತಿತ್ತು. ಒಂಟಿ ಹೆಂಗಸಿನ ಹೊಟ್ಟೆಪಾಡು ಅದರಲ್ಲೇ ನಡೆಯುತ್ತಿತ್ತು.

ಕರೆಯಲ್ಲೂ ತರತಮ ಇತ್ತು. "ಬಂದು ಹೋಗಿ" ಎಂದರೆ ಕುಂಕುಮ ಇಡಿಸಿಕೊಂಡು, ಎಲೆ ಅಡಿಕೆ ಮಡಿಲಿಗೆ ಹಾಕಿಸಿಕೊಂಡು, ಮನೆಯವಳ ಹೊಸ ಸೀರೆಯನ್ನು ಹೊಗಳಿ ಬರುವುದು. "ಊಟಕ್ಕೆ ಬನ್ನಿ" ಎಂದರೆ ಮನೆಗೊಬ್ಬರು. ಇವೆರಡನ್ನೂ ಮೀರಿದ್ದು, ವರ್ಷಕ್ಕೆ ಒಂದೋ ಎರಡೋ ಸಲ ಕೇಳಿಬರುವಂಥದ್ದು, "ಒಲೆ ಹಚ್ಚಬೇಡಿ" ಎಂಬ ಕರೆ. ಆ ಮಾತು ಬಿತ್ತು ಎಂದರೆ ಮೂಲೆ ಹಿಡಿದ ಅಜ್ಜನಿಂದ ತೊಟ್ಟಿಲ ಕೂಸಿನವರೆಗೆ, ಮನೆಗೆ ಬಂದ ನೆಂಟರೂ ಸೇರಿ ಎಲ್ಲರೂ ಹೊರಡಬೇಕು. ಅಂದು ಆ ಮನೆಯ ಒಲೆಯಲ್ಲಿ ಬೆಂಕಿ ಕಂಡರೆ ಕರೆದ ಮನೆಗೆ ಅವಮಾನ. ಹಾಗೆ ಕರೆದೂ ಉಣಿಸದಿದ್ದರೆ ಏನು ಎಂಬುದಕ್ಕೆ ಹೆಸರೇ ಇರಲಿಲ್ಲ, ಯಾಕೆಂದರೆ ಹಾಗೆ ಯಾರೂ ಮಾಡಿರಲಿಲ್ಲ. ಕಲ್ಲಮ್ಮ ಹೇಳಿದ ಒಲೆ ಕರೆ ಒಮ್ಮೆಯೂ ಸುಳ್ಳಾಗಿರಲಿಲ್ಲ. ಅವಳ ಆಸ್ತಿ ಎಂದರೆ ಆ ಮಾತೊಂದೇ. ಹಂದನಕೆರೆಯಿಂದ ಸೊಸೆಯಾಗಿ ಬಂದವಳ ಪಾಲಿಗಿದ್ದ ತೆಂಗಿನ ತೋಟವನ್ನು, ಗಂಡ ಸತ್ತ ವರ್ಷವೇ ಮೈದುನಂದಿರು ನುಂಗಿ ನೀರು ಕುಡಿದಿದ್ದರು.

ಗಂಡ ಸತ್ತಾಗ ಇನ್ನೊಂದು ಪೇಚು ಎದ್ದಿತ್ತು. ಕುಂಕುಮ ಅಳಿಸಿದವಳು ಕುಂಕುಮದ ಬಟ್ಟಲು ಹಿಡಿದು ಮನೆ ಮನೆಗೆ ಹೋಗಬಹುದೇ? ಹೆಣ್ಣು ಗಂಡೆಂಬ ಭೇದವಿಲ್ಲ ಎಂಬ ಶರಣರ ಮಾತಿಗೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದ ಮನೆಗಳ ಹಿರಿಯರು, ಅದರ ಕೆಳಗೇ ಕೂತು, ಹೋಗಬಾರದು ಎಂದು ತೀರ್ಮಾನಿಸಿದರು. ಸ್ವಲ್ಪ ದಿನ ಬೇರೆಯವರನ್ನು ಕಳಿಸಿ ನೋಡಿದ್ದೂ ಆಯಿತು. ಒಬ್ಬಳು ಅರ್ಧ ಬೀದಿಯನ್ನು ಮರೆತಳು. ಇನ್ನೊಬ್ಬಳು ಮಾತು ಬಿಟ್ಟಿದ್ದ ಓರಗಿತ್ತಿಯರನ್ನು ಒಂದೇ ಉಸಿರಿನಲ್ಲಿ ಕರೆದು ಮದುವೆ ಮನೆಯನ್ನು ಜಗಳದ ಮನೆ ಮಾಡಿದಳು. ಆಗ ಶಾಸ್ತ್ರ ತಾನಾಗಿ ಬಾಗಿತು. ಬಟ್ಟಲು ಕರೆಯುವ ಮನೆಯದು. ಅದನ್ನು ಕಲ್ಲಮ್ಮ ಹೊಸ್ತಿಲ ಮೇಲೆ ಇಡುವುದು. ಮುತ್ತೈದೆಯರು ತಾವೇ ಬೆರಳು ಅದ್ದಿ ಹಚ್ಚಿಕೊಳ್ಳುವುದು. ಕರೆ ಬಟ್ಟಲಿನದು, ಬಾಯಿ ಮಾತ್ರ ಕಲ್ಲಮ್ಮನದು. ಉಣ್ಣುವ ಹೊತ್ತಿಗೆ ಅವಳು ಹಿತ್ತಲಲ್ಲಿ, ಎಲ್ಲರದೂ ಆದ ಮೇಲೆ. ಕಲ್ಲಮ್ಮ ಇದನ್ನೆಲ್ಲ ಕೇಳಿ, "ಆಗ್ಲಿ ಬುಡಿ, ಬಟ್ಲಿಗೆ ಗಂಡ ಸಾಯಾಕಿಲ್ಲ" ಎಂದಳಂತೆ.

ಹೀಗಿರುವಾಗ ಪುರಸಭೆಯ ಚುನಾವಣೆ ಬಂತು. ಬಹಳ ವರ್ಷ ಆಡಳಿತಾಧಿಕಾರಿಯ ಕೈಯಲ್ಲಿ ಕೆಟ್ಟಿದ್ದ ಊರನ್ನು ನಮ್ಮವರೇ ಕೆಡಿಸುವ ಕಾಲ ಕೂಡಿಬಂದಿತ್ತು. ಹಳೇಸಂತೆ ಬೀದಿಯ ವಾರ್ಡಿಗೆ ಕೊಬ್ಬರಿ ಮಂಡಿಯ ತೋಂಟದಾರ್ಯ ನಿಂತ. ಎದುರಾಳಿ ಸೈಕಲ್ ಶಾಪಿನ ಮಾಯಣ್ಣ. ಇಬ್ಬರೂ ನಲ್ಲಿ ಹಾಕಿಸುತ್ತೇವೆ ಎಂದರು. ವ್ಯತ್ಯಾಸವೆಂದರೆ ತೋಂಟದಾರ್ಯ ಅದನ್ನು ಆಟೋಗೆ ಮೈಕು ಕಟ್ಟಿಸಿ ಹೇಳಿಸಿದ, ಮಾಯಣ್ಣ ಪಂಕ್ಚರು ಹಾಕುತ್ತಾ ಹೇಳಿದ. ಮೈಕಿನವನು ಇಡೀ ದಿನ ಗಂಟಲು ಹರಿದುಕೊಂಡರೂ ತೋಂಟದಾರ್ಯನ ಮೊದಲ ಸಭೆಗೆ ಬಂದದ್ದು ಅವನ ಮಂಡಿಯ ಗುಮಾಸ್ತರು ಮತ್ತು ಶಾಮಿಯಾನದ ನೆರಳಿಗೆ ಬಂದ ಒಂದು ನಾಯಿ. ಬೀದಿಯ ಹೆಂಗಸರ ತರ್ಕ ಸರಳವಾಗಿತ್ತು. ಮೈಕು ಊರಿಗೆಲ್ಲ ಹೇಳುತ್ತದೆ. ಊರಿಗೆಲ್ಲ ಹೇಳಿದ್ದು ನಮಗೆ ಹೇಳಿದ್ದಲ್ಲ.

ಮುಂದಿನ ಭಾನುವಾರ ಬೆಂಗಳೂರಿನಿಂದ ಮಂತ್ರಿ ಬರುವುದಿತ್ತು. ಮಂತ್ರಿ ಎಂಬುದನ್ನು ತೋಂಟದಾರ್ಯ ಗಟ್ಟಿಯಾಗಿ ಹೇಳುತ್ತಿದ್ದ, ಮಾಜಿ ಎಂಬುದನ್ನು ಕೆಮ್ಮಿನಲ್ಲಿ ಮುಗಿಸುತ್ತಿದ್ದ. ಅವರೆದುರು ನಾಯಿಯನ್ನು ಕೂರಿಸುವಂತಿರಲಿಲ್ಲ. ಅವನು ಕಲ್ಲಮ್ಮನನ್ನು ಕರೆಸಿದ.

"ಕಲ್ಲಕ್ಕ, ಭಾನುವಾರ ಸಂತೆಮಾಳದಲ್ಲಿ ಸಭೆ ಐತೆ. ಬೀದಿಗೆ ಬೀದೀನೇ ಬರಬೇಕು."

"ಯಾವ ಕರೆ ಹೇಳ್ಲಣ್ಣ?"

"ಕರೇಲಿ ಎಷ್ಟ್ ಥರ ಐತೆ? ಎಲ್ಲಕ್ಕಿಂತ ದೊಡ್ಡದು ಹೇಳು."

"ದೊಡ್ಡದು ಅಂದ್ರೆ ಒಲೆ ಕರೆ ಕಣಪ್ಪ. ಒಲೆ ಹಚ್ಚಬ್ಯಾಡಿ ಅಂತ ಹೇಳ್ಬೇಕಾಯ್ತದೆ."

"ಹೇಳು ಮತ್ತೆ. ಯಾರೂ ಮನೇಲಿ ಉಳೀಬಾರ್ದು, ಅಷ್ಟೇ."

"ಮುದುಕ್ರು, ಮಕ್ಳು?"

"ಎಲ್ಲಾರೂ. ಮಕ್ಳು ಮುಂದೆ ಕೂತ್ರೆ ಪೋಟೋದಾಗೆ ತುಂಬಿದಂಗೆ ಕಾಣ್ತದೆ."

"ಕಾಯಿ ಸುಲಿಯೋರ ಕೇರಿಗೆ?"

"ಓಟಿಗೆ ಜಾತಿ ಐತೇನಕ್ಕ? ಅವ್ರಿಗೂ ಇದೇ ಕರೆ ಹೇಳು."

ಕಲ್ಲಮ್ಮ ಆಗಲೂ ಏಳಲಿಲ್ಲ. "ನೋಡಣ್ಣ, ಒಂದು ಸಲ ಹೇಳಿದ್ಮೇಲೆ ಹೇಳ್ದಂಗೇ. ಎಲ್ಲಾ ಏರ್ಪಾಟು ಆಯ್ತದಲ್ವಾ?"

"ಆಗ್ತಾ ಐತೆ ಕಣಕ್ಕ, ನೀನ್ಯಾಕೆ ತಲೆ ಕೆಡಿಸ್ಕಂತಿ" ಎಂದು ತೋಂಟದಾರ್ಯ ಒಳಗೆ ಹೋಗಿ, ದೇವರ ಮನೆಯಿಂದ ಬೆಳ್ಳಿಯ ಕುಂಕುಮದ ಬಟ್ಟಲನ್ನು ತಾನೇ ತಂದುಕೊಟ್ಟ. ಹೆಂಡತಿ ಗಿರಿಜಾಂಬಿಕಾ ಮನೆಯಲ್ಲಿ ಇರಲಿಲ್ಲ. ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಅರಳಗುಪ್ಪೆಗೆ ಹೋಗಿದ್ದಳು. ಅವಳಿದ್ದಿದ್ದರೆ ಈ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಅವನು ಹೇಳಿದ ಏರ್ಪಾಟು ಎಂದರೆ ಕುರ್ಚಿ, ಮೈಕು, ಹಾರ. ಹುಟ್ಟಿದಾಗಿನಿಂದ ಅವನು ಒಲೆ ಕರೆಯ ಊಟವನ್ನು ಎಷ್ಟೋ ಸಲ ಉಂಡಿದ್ದ, ಆದರೆ ಯಾರು ಯಾವ ಮಾತು ಹೇಳಿದ್ದರಿಂದ ಆ ಎಲೆ ತನ್ನ ಮುಂದೆ ಬಂತು ಎಂದು ಒಮ್ಮೆಯೂ ಯೋಚಿಸಿದವನಲ್ಲ. ಒಲೆ ಹಚ್ಚಬೇಡಿ ಎಂಬುದು ಅವನ ಕಿವಿಗೆ 'ತಪ್ಪದೆ ಬನ್ನಿ' ಎಂಬಷ್ಟೇ ಕೇಳಿಸಿತು. ನಮ್ಮ ಕಡೆ ಗಂಡಸರು ತೆಂಗಿನಕಾಯಿಯನ್ನು ಅಲ್ಲಾಡಿಸಿ ಒಳಗಿನ ಕೊಬ್ಬರಿ ಹೇಗಿದೆ ಎಂದು ಹೇಳಿಯಾರು, ಅಡುಗೆಮನೆಯಲ್ಲಿ ಒಲೆ ಎಷ್ಟಿವೆ ಎಂದು ಕೇಳಿದರೆ ಹೆಂಡತಿಯನ್ನು ಕೂಗುತ್ತಾರೆ.

ಕಲ್ಲಮ್ಮ ಬಟ್ಟಲು ಹಿಡಿದು ಹೊರಟಳು. ಮೊದಲ ಮನೆ ಮೀನಾಕ್ಷಮ್ಮನದು. ಬೀದಿಯಲ್ಲಿ ಯಾವ ಮನೆಯವರು ಯಾರಿಗಿಂತ ಮೇಲು ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡಿದ್ದವಳು ಅವಳು.

"ಒಲೆ ಕರೇನಾ? ಏನ್ ವಿಶೇಷ, ಗಿರಿಜಮ್ಮನ ಮಗಳಿಗೆ ಗಂಡು ಗೊತ್ತಾಯ್ತಾ?"

"ಇಲ್ಲ ಕಣೇ, ಓಟು."

"ಓಟಿಗೂ ಊಟ ಹಾಕ್ತಾರಾ?"

"ದೊಡ್ಡ ಮನೆ ಕಣವ್ವ, ಸುಮ್ ಸುಮ್ಕೆ ಹೇಳ್ತಾರಾ?"

ಮೀನಾಕ್ಷಮ್ಮ ಬೆರಳು ಅದ್ದಿ ಕುಂಕುಮ ಇಟ್ಟುಕೊಂಡಳು. ಇಟ್ಟುಕೊಂಡರೆ ಒಪ್ಪಿದ ಹಾಗೆ.

ಹೀಗೆ ಬೀದಿ ಮುಗಿಸಿ ಕಲ್ಲಮ್ಮ ಕೆಳಗಿನ ಕೇರಿಗೆ ಇಳಿದಳು. ಹುಳಿಯಾರು ಕಡೆಯ ಹಟ್ಟಿಗಳಲ್ಲಿ ಕುರಿ ಮಾರಿ ಬಂದ ಗೊಲ್ಲರು ಅಲ್ಲಿ ಸೇರಿದ್ದರು. ಊರಿನ ಮಂಡಿಗಳಿಗೆ ಕಾಯಿ ಸುಲಿದುಕೊಡುವವರು ಅವರೇ. ಅಲ್ಲಿಗೆ ಅವಳು ಎಷ್ಟೋ ಸಲ ಹೋಗಿದ್ದಳು, ಬಟ್ಟಲು ಹಿಡಿದು ಹೋಗಿರಲಿಲ್ಲ. ತೋಂಟದಾರ್ಯನ ಅಂಗಳದಲ್ಲೇ ಕಾಯಿ ಸುಲಿಯುವ ಜುಂಜಮ್ಮ ಗುಡಿಸಲ ಬಾಗಿಲಲ್ಲಿ ಬಟ್ಟಲು ಇಳಿದದ್ದನ್ನು ನೋಡಿದಳು.

"ಯಾರಿಗೆ ಹೇಳ್ತಾ ಇದ್ದೀರಿ ಕಲ್ಲಮ್ಮೋರೇ?"

"ನಿಂಗೇ ಕಣೇ ಜುಂಜಮ್ಮ. ತೋಂಟದಾರಣ್ಣನ ಮನೆಯಿಂದ. ಭಾನುವಾರ ಒಲೆ ಹಚ್ಚಬ್ಯಾಡ."

"ಇನ್ನೊಂದ್ ಸಲ ಹೇಳಿ."

ಕಲ್ಲಮ್ಮ ಇನ್ನೊಂದು ಸಲ ಹೇಳಿದಳು. ಜುಂಜಮ್ಮ ಸುಲಿದು ಸುಲಿದು ಸೀಳಿದ್ದ ಬೆರಳನ್ನು ಸೀರೆಗೆ ಚೆನ್ನಾಗಿ ಒರೆಸಿ, ಬೆಳ್ಳಿಯ ಬಟ್ಟಲಿಗೆ ತುದಿಯಷ್ಟೇ ಅದ್ದಿದಳು. ಮುಯ್ಯಿಗೆ ಏನು ತರಬೇಕು ಎಂದು ಕೇಳಿದಳು. ಉಣ್ಣಲು ಹೋಗುವವರು ಬರಿಗೈಯಲ್ಲಿ ಹೋಗಬಾರದು ಎಂಬುದು ಅವಳಿಗೂ ಗೊತ್ತಿತ್ತು. ಒಂದು ಕಾಯಿ ಸಾಕು ಎಂದು ಹೇಳಿ ಕಲ್ಲಮ್ಮ ಮುಂದಿನ ಗುಡಿಸಲಿಗೆ ಹೋದಳು. ಯಾಕೋ ಅವಳಿಗೆ ಅವತ್ತು ತನ್ನ ಕೆಲಸದ ಮೇಲೆ ಬಹಳ ಹೆಮ್ಮೆ ಎನಿಸಿತು.

ಭಾನುವಾರ ಸಂತೆಮಾಳ ತುಂಬಿತು. ತಲೆಗೆ ಎರೆದುಕೊಂಡು, ಮಡಿ ಉಟ್ಟು, ಮಕ್ಕಳಿಗೆ ಎಣ್ಣೆ ಹಚ್ಚಿ ಬಾಚಿ ಬೀದಿಗೆ ಬೀದಿಯೇ ಬಂತು. ಬಂದವರು ಸುಮ್ಮನೆ ಕೂರಲಿಲ್ಲ. ಸಾಲಾಗಿ ವೇದಿಕೆ ಹತ್ತಿ ತೋಂಟದಾರ್ಯನ ಕೈಗೆ ಕಾಯಿ, ರವಿಕೆ ಕಣ, ಎಲೆ ಅಡಿಕೆ ಮುಯ್ಯಿ ಕೊಟ್ಟು ಇಳಿದರು. ತೋಂಟದಾರ್ಯನ ಕಣ್ಣು ಒದ್ದೆಯಾಯಿತು. "ನೋಡಿ ಸಾರ್, ಜನರ ಪ್ರೀತಿ ಅಂದ್ರೆ ಇದು" ಎಂದು ಮಾಜಿಗಳ ಕಿವಿಯಲ್ಲಿ ಹೇಳಿದ. ಮಾಜಿಗಳು ಇಷ್ಟು ವರ್ಷದ ರಾಜಕೀಯದಲ್ಲಿ ಜನರಿಂದ ಕಾಯಿ ಪಡೆದದ್ದು ಅದೇ ಮೊದಲು. ಅವರಿಗೆ ಉತ್ಸಾಹ ಬಂದು ಸಮಾನತೆಯ ಬಗ್ಗೆ ಮಾತಾಡತೊಡಗಿದರು.

ಮನುಷ್ಯರೆಲ್ಲ ಒಂದೇ ಎಂಬುದು ಎಲ್ಲರಿಗೂ ಬೇಗ ಅರ್ಥವಾಯಿತು, ಆದರೆ ಅವರು ನಿಲ್ಲಿಸಲಿಲ್ಲ. ಹೊತ್ತು ನೆತ್ತಿಗೆ ಬಂತು. ಮಕ್ಕಳು ಮೊದಲು ಕೊಸರಿದವು, ಆಮೇಲೆ ಅತ್ತವು. ಹೆಂಗಸರು ಶಾಮಿಯಾನದ ಹಿಂದೆ ಹೊಗೆ ಏಳುತ್ತಿದೆಯೇ ಎಂದು ಕತ್ತು ತಿರುಗಿಸಿ ನೋಡತೊಡಗಿದರು. ಕಲ್ಲಮ್ಮ ಎದ್ದು ಹಿಂದಕ್ಕೆ ಹೋದಳು. ಅಲ್ಲಿ ಕೊಪ್ಪರಿಗೆ ಇಲ್ಲ, ಸೌದೆ ಇಲ್ಲ, ಬಾಳೆ ಎಲೆ ಇಲ್ಲ. ಸೋಡಾ ಬಾಟಲಿಗಳ ಎರಡು ಪೆಟ್ಟಿಗೆ ಇದ್ದವು. ಹೊಗೆ ಕಂಡದ್ದು ಮಾಳದ ಆಚೆ, ತೋಂಟದಾರ್ಯನ ಮನೆಯ ಹೆಂಚಿನ ಮೇಲೆ. ಅದು ವೇದಿಕೆಯ ಮೇಲಿದ್ದವರ ಹೋಳಿಗೆಯ ಹೊಗೆ.

ಅವಳು ವೇದಿಕೆಯ ಪಕ್ಕಕ್ಕೆ ಹೋಗಿ ತೋಂಟದಾರ್ಯನನ್ನು ಕರೆದಳು. "ಅಣ್ಣ, ಅಡುಗೆ ಎಲ್ಲಿ?"

"ಯಾವ ಅಡುಗೆ?"

"ಒಲೆ ಹಚ್ಚಬ್ಯಾಡಿ ಅಂತ ಹೇಳು ಅಂದ್ರಲ್ಲ."

"ಅದು ಮಾತಿಗೆ ಹೇಳೋದಲ್ವಾ ಕಲ್ಲಕ್ಕ? ಓಟಿನ ಸಭೆಗೆ ಯಾರಾದ್ರೂ ಊರಿಗೆಲ್ಲ ಊಟ ಹಾಕ್ತಾರಾ?"

"ನಾನು ಮಾತಿಗೆ ಹೇಳಾಳಲ್ಲ ಕಣಪ್ಪ."

ಅಷ್ಟರಲ್ಲಿ ಮುಂದೆ ಕೂತಿದ್ದ ಮುದುಕನೊಬ್ಬ ಊಟ ಯಾವಾಗ ಎಂದು ಗಟ್ಟಿಯಾಗಿಯೇ ಕೇಳಿದ. ಅವನ ಹಿಂದೆ ಇನ್ನೂ ನಾಲ್ಕು ಜನ ಕೇಳಿದರು. ಮಾಜಿಗಳು ಮಾತು ನಿಲ್ಲಿಸಿದರು. ತೋಂಟದಾರ್ಯ ಬೆವರು ಒರೆಸಿಕೊಂಡು ಮೈಕಿನ ಮುಂದೆ ಹೋದ. "ಬಂಧುಗಳೇ, ಊಟ ಅಂತ ಯಾರೋ ತಪ್ಪು ಸುದ್ದಿ ಹಬ್ಬಿಸಿದ್ದಾರೆ. ಇದು ಮಾಯಣ್ಣನ ಕಡೆಯವರ ಕುತಂತ್ರ ಇರಬಹುದು. ಕಲ್ಲಮ್ಮ ವಯಸ್ಸಾದವಳು, ಏನೋ ಬಾಯಿ ತಪ್ಪಿ ಅಂದಿದ್ದಾಳೆ. ಅವಳ ಮಾತನ್ನ ಮನಸ್ಸಿಗೆ ಹಚ್ಕೋಬೇಡಿ" ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲವನ್ನೂ ಬಿಟ್ಟು 'ಬಾ' ಎಂದು ಕರೆದವಳನ್ನೇ ಡೊಂಕು ಮಾಡಿದ.

ಇಡೀ ಬೀದಿ ಕಲ್ಲಮ್ಮನ ಕಡೆ ತಿರುಗಿತು. ಅವಳಿಗೆ ಮೊದಲು ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಆಮೇಲೆ ಸಿಟ್ಟು ಬಂತು. ಮೈದುನಂದಿರು ತೋಟ ಕಿತ್ತುಕೊಂಡಾಗಲೂ ಅಷ್ಟು ಸಿಟ್ಟು ಬಂದಿರಲಿಲ್ಲ. ತೋಟ ಹೋದರೂ ಮಾತು ಉಳಿದಿತ್ತು, ಅದರಲ್ಲಿ ಗಂಜಿ ಹುಟ್ಟುತ್ತಿತ್ತು. ಇಂದು ಈ ಜನ ಹಸಿದು ಮನೆಗೆ ಹೋದರೆ ನಾಳೆ ಅವಳು ಹೇಳುವ ಯಾವ ಕರೆಗೂ ಕಾಸಿನ ಬೆಲೆ ಇರುವುದಿಲ್ಲ. ಕೊನೆಯ ಸಾಲಿನಲ್ಲಿ ಜುಂಜಮ್ಮ ಅವಳನ್ನೇ ನೋಡುತ್ತಿದ್ದಳು.

ಕಲ್ಲಮ್ಮ ಸೆರಗಿನೊಳಗಿಂದ ಬೆಳ್ಳಿಯ ಬಟ್ಟಲು ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದಳು. "ಏಳ್ರವ್ವ. ಕರೆದಿದ್ದು ಮೈಕಲ್ಲ, ಮನೆ. ಕರೆದ ಮನೆಗೇ ಹೋಗಾಣ" ಎಂದಳು.

ಬೀದಿ ಎದ್ದಿತು. ಮುಂದೆ ಕಲ್ಲಮ್ಮ, ಅವಳ ಹಿಂದೆ ಮುದುಕರು, ಕಂಕುಳಲ್ಲಿ ಕೂಸುಗಳು, ಅವರ ಹಿಂದೆ ಕಾಯಿ ಸುಲಿಯುವ ಕೇರಿ, ಎಲ್ಲರ ಹಿಂದೆ ಪಂಚೆ ಎತ್ತಿ ಹಿಡಿದು ಓಡಿಬರುವ ತೋಂಟದಾರ್ಯ. ಮಾಜಿಗಳು ಇದನ್ನು ಮೆರವಣಿಗೆ ಎಂದುಕೊಂಡು ಕೈಮುಗಿಯುತ್ತಾ ನಡೆದರು.

ಆ ಬೆಳಿಗ್ಗೆಯಷ್ಟೇ ಅರಳಗುಪ್ಪೆಯಿಂದ ವಾಪಸಾಗಿದ್ದ ಗಿರಿಜಾಂಬಿಕಾ ಗದ್ದಲ ಕೇಳಿ ಬಾಗಿಲಿಗೆ ಬಂದಳು. ಕೈಯಲ್ಲಿ ಕಣಕದ ಹಿಟ್ಟು ಮೆತ್ತಿತ್ತು.

"ಏನ್ ಕಲ್ಲಕ್ಕ ಇದು?"

"ನಿನ್ ಬಟ್ಲು ತಂದಿದೀನಿ ಕಣಮ್ಮ. ಕರೆದಿದ್ದಾಯ್ತು, ಎಲ್ಲಾರೂ ಬಂದವ್ರೆ."

"ಯಾವ ಕರೆ?"

"ಒಲೆ ಕರೆ."

ಗಿರಿಜಾಂಬಿಕಾ ಗಂಡನ ಮುಖ ನೋಡಿದಳು. ಅವನು ಮಾತಿಗೆ, ಕುತಂತ್ರ, ಮಾಯಣ್ಣ ಎಂದು ಮೂರು ತುಂಡು ಮಾತಾಡಿದ. ಅವಳು ಅದರಲ್ಲಿ ಒಂದನ್ನೂ ಎತ್ತಿಕೊಳ್ಳಲಿಲ್ಲ. "ಇದು ನನ್ ತವರಿನ ಬಟ್ಲು ಕಣ್ರೀ. ಇದನ್ನ ಹೊಸ್ತಿಲ ಮೇಲಿಟ್ಟು ಕರೆದು, ಹಸಿದು ಕಳಿಸಿದ್ರೆ ನಾಳೆ ನಾನು ಈ ಬೀದೀಲಿ ತಲೆ ಎತ್ಕಂಡು ತಿರುಗಾಕಾಯ್ತದಾ? ನಿಮಗೇನು, ನೀವು ಸೋತ್ರೆ ಐದು ವರ್ಷಕ್ಕೆ ಇನ್ನೊಂದು ಬತ್ತದೆ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಉಗ್ರಾಣದ ಬಾಗಿಲು ತೆಗೆದಳು.

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಮಠದಿಂದ ಕೊಪ್ಪರಿಗೆ ಬಂದವು. ಕೊಬ್ಬರಿ ಒಣಗಿಸುವ ಅಂಗಳದಲ್ಲಿ ಕಲ್ಲು ಹೂಡಿ ಒಲೆ ಮಾಡಿದರು. ಉರಿಸಲು ಕಾಯಿಚಿಪ್ಪಿಗೇನೂ ಬರವಿರಲಿಲ್ಲ. ವೇದಿಕೆಯ ಮೇಲೆ ರಾಶಿ ಬಿದ್ದಿದ್ದ ಮುಯ್ಯಿಯ ಕಾಯಿಗಳನ್ನು ಚೀಲದಲ್ಲಿ ಹೊತ್ತು ತಂದು ತುರಿದು ಪಾಯಸ ಮಾಡಿದರು. ಜನ ತಾವು ಕೊಟ್ಟದ್ದನ್ನು ತಾವೇ ಉಂಡರು ಎಂದು ಯಾರೋ ಕುಹಕವಾಡಿದ್ದುಂಟು. ಆದರೆ ಪುರಸಭೆಗೆ ಕಟ್ಟಿದ ಕಂದಾಯ ಹಾಗೆ ಪಾಯಸವಾಗಿ ತಿರುಗಿ ಬಂದದ್ದನ್ನು ತಿಪಟೂರಿನಲ್ಲಿ ಅದುವರೆಗೂ ಯಾರೂ ಕಂಡಿರಲಿಲ್ಲ.

ಪಡಸಾಲೆಯಲ್ಲಿ ಎಲೆ ಬಿದ್ದವು. ಮಾಜಿಗಳನ್ನು ನಡುವೆ ಕೂರಿಸಿದರು. ಪೋಟೋದವನು ಅವರ ಎದುರಿಗೆ ನಿಂತ. ಬೀದಿಯವರೆಲ್ಲ ಕೂತರು. ಕೆಳಗಿನ ಕೇರಿಯವರಿಗೆ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ, ಆದರೂ ಅವರ ಎಲೆಗಳು ತಾವಾಗಿಯೇ ನಡೆದು ಹೋದಂತೆ ಹಿತ್ತಲಿನ ದನದ ಕೊಟ್ಟಿಗೆಯ ಪಕ್ಕ ಬಿದ್ದಿದ್ದವು. ಕಲ್ಲಮ್ಮ ಎಂದಿನಂತೆ ಹಿತ್ತಲಿಗೆ ಹೋದಾಗ ಜುಂಜಮ್ಮ ಎಲೆಯ ಮುಂದೆ ಕೂರದೆ ನಿಂತಿದ್ದಳು.

"ಕಲ್ಲಮ್ಮೋರೇ, ಕರೀವಾಗ ಕೊಟ್ಟಿಗೆ ಅಂದಿದ್ರಾ?"

ಅಷ್ಟು ವರ್ಷ ಕಲ್ಲಮ್ಮನೂ ಹಿತ್ತಲಲ್ಲೇ ಉಂಡಿದ್ದಳು. ತನ್ನ ಎಲೆಯ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ. ಈಗ ಎದ್ದದ್ದು ತನ್ನ ಎಲೆಯ ಮಾತಾಗಿರಲಿಲ್ಲ, ತಾನು ಆಡಿದ ಮಾತಿನ ಮಾತಾಗಿತ್ತು. ಬೀದಿಗೆ ಹೇಳಿದ್ದು ಒಂದು, ಕೇರಿಗೆ ಹೇಳಿದ್ದು ಇನ್ನೊಂದು ಆಗಿದ್ದರೆ ಬೇರೆ. ಎರಡೂ ಒಂದೇ ಆಗಿತ್ತು.

"ಇಲ್ಲ ಕಣೇ" ಎಂದಳು. "ಬಾ."

ಕೈ ಹಿಡಿದು ಪಡಸಾಲೆಗೆ ಕರೆತಂದಳು. ಕೇರಿ ಹಿಂದೆ ಬಂತು. ಮಾಜಿಗಳ ಪಕ್ಕದಲ್ಲಿ ತೋಂಟದಾರ್ಯನಿಗೆಂದು ಹಾಕಿದ್ದ ಎಲೆ ಖಾಲಿ ಇತ್ತು. ಕಲ್ಲಮ್ಮ ಜುಂಜಮ್ಮನನ್ನು ಅದರ ಮುಂದೆ ಕೂರಿಸಿ, ಅವಳ ಮಗ್ಗುಲಲ್ಲಿ ತಾನೂ ಕೂತಳು. ಕೇರಿಯವರು ಸಂದು ಸಿಕ್ಕಲ್ಲಿ ಸಾಲಿನಲ್ಲೇ ಕೂತರು. ಗಿರಿಜಾಂಬಿಕಾ ಅನ್ನದ ಪುಟ್ಟಿ ಹಿಡಿದು ನಿಂತಲ್ಲೇ ನಿಂತಳು. ಕರೆಯ ಮಾತಿನಲ್ಲಿ ಅವಳ ಧೈರ್ಯ ದೊಡ್ಡದು, ಪಂಕ್ತಿಯ ಮಾತಿನಲ್ಲಿ ಅಷ್ಟು ದೊಡ್ಡದಿರಲಿಲ್ಲ. ತೋಂಟದಾರ್ಯ ಬಾಯಿ ತೆರೆದ. ಆದರೆ ಪೋಟೋದವನು ಕಣ್ಣಿಗೆ ಕ್ಯಾಮರಾ ಏರಿಸಿದ್ದ.

ಮಾಜಿಗಳಿಗೆ ತಮ್ಮ ಭಾಷಣ ನೆನಪಿತ್ತು. "ಕೂರಲಿ, ಕೂರಲಿ, ನಾವೆಲ್ಲ ಒಂದೇ ಅಲ್ವೇ" ಎಂದರು, ಅನ್ನದಲ್ಲಿ ಕಲ್ಲು ಕಡಿದವರ ಮುಖ ಮಾಡಿಕೊಂಡು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರೆ. ಪಾಪ, ಅವರು ಅಂದು ಪುರಾಣವನ್ನೇ ತಿನ್ನಬೇಕಾಯಿತು. ಗಿರಿಜಾಂಬಿಕಾ ಬಡಿಸಿದಳು. ಮೀನಾಕ್ಷಮ್ಮನಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂದು ಎದ್ದಳು. ಆ ಹೊಟ್ಟೆನೋವು ಸಾಲಿನ ಉದ್ದಕ್ಕೂ ಹಬ್ಬಿತಾದರೂ, ಪಾಯಸ ಬಂದಾಗ ಹಲವರಿಗೆ ಗುಣವಾಯಿತು.

ತೋಂಟದಾರ್ಯ ಗೆದ್ದ. ಕೆಳಗಿನ ಕೇರಿಯ ಒಂದು ಓಟೂ ಬೇರೆ ಕಡೆ ಹೋಗಲಿಲ್ಲ. ಎಲ್ಲ ಜಾತಿಯವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಪೋಟೋ ಬೆಂಗಳೂರಿನ ಪತ್ರಿಕೆಯಲ್ಲಿ ಬಂತು. ಇದು ತಾನು ಬಹಳ ದಿನದಿಂದ ಯೋಚಿಸಿದ್ದ ಕಾರ್ಯಕ್ರಮ ಎಂದು ಅವನು ಹೋಟೆಲಿನಲ್ಲಿ ಹೇಳಿಕೊಂಡ; ಹೇಳಿ ಹೇಳಿ ಕೊನೆಗೆ ಅವನೇ ನಂಬಿದ.

ಕಲ್ಲಮ್ಮನಿಗೆ ಮಾತ್ರ ಅಲ್ಲಿಂದಾಚೆ ಬಟ್ಟಲು ಬರಲಿಲ್ಲ. ಯಾರೂ ಬೈಯಲಿಲ್ಲ. ಒಂದು ಮನೆಯವರು ಈ ಸಲ ನಮ್ಮ ಸೊಸೆಯೇ ಹೋಗಿ ಬರುತ್ತಾಳೆ ಎಂದರು. ಇನ್ನೊಂದು ಮನೆಯವರು ಪತ್ರಿಕೆ ಅಚ್ಚಾಗಿದೆಯಲ್ಲ, ಸಾಕು ಎಂದರು. ನಿಜವಾದ ಕಾರಣವನ್ನು ಮೀನಾಕ್ಷಮ್ಮ ಒಬ್ಬಳೇ ಬಾಯಿಬಿಟ್ಟು ಹೇಳಿದಳು. "ಅವಳ ಮಾತಲ್ಲಿ ಸುಳ್ಳಿಲ್ಲ ಕಣೇ, ಅದೇ ತೊಂದ್ರೆ. ಅವಳು ಕರೆದ್ರೆ ಕರೆಸ್ಕಂಡೋರೆಲ್ಲ ಬಂದೇ ಬುಡ್ತಾರೆ." ಅವಳ ಮಾತು ಉಳಿದಿತ್ತು, ಅದನ್ನು ಕೊಳ್ಳುವವರು ಇರಲಿಲ್ಲ. ಕೇರಿಯವರಿಗೆ ಕರೆಯುವವಳ ಅಗತ್ಯವೇ ಇಲ್ಲ. ಅಲ್ಲಿ ಒಂದು ಗುಡಿಸಲಿನಲ್ಲಿ ಕೂಗಿದರೆ ಹತ್ತು ಗುಡಿಸಲಿಗೆ ಕೇಳುತ್ತದೆ. ಜುಂಜಮ್ಮ ತೋಂಟದಾರ್ಯನ ಅಂಗಳ ಬಿಟ್ಟು ಇನ್ನೊಂದು ಮಂಡಿ ಸೇರಿದ್ದಳು. ಕಲ್ಲಮ್ಮ ಅಲ್ಲಿ ಅವಳ ಜೊತೆ ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸತೊಡಗಿದಳು. ಸಂಜೆಗೆ ಬೆರಳು ಉರಿಯುತ್ತಿತ್ತು. ಅವಳಿಗೆ ದುಃಖವಾಗುತ್ತಿರಲಿಲ್ಲ ಎಂದರೆ ಸುಳ್ಳು. ಹಬ್ಬದ ದಿನಗಳಲ್ಲಿ ಬೀದಿಯಲ್ಲಿ ಯಾರೋ ಬಟ್ಟಲು ಹಿಡಿದು ಹೋಗುವುದನ್ನು ಕಂಡರೆ ಒಳಗೆ ಹೋಗಿ ಕೂತುಬಿಡುತ್ತಿದ್ದಳು.

ಮಾರನೆಯ ವರ್ಷ ಹಳೇಸಂತೆ ಬೀದಿಗೆ ನಲ್ಲಿ ಬಂತು. ಕಂಬ ನಿಲ್ಲಿಸಿ, ಕಟ್ಟೆ ಕಟ್ಟಿ, ತೋಂಟದಾರ್ಯನ ಹೆಸರಿನ ಕಲ್ಲು ಕೂರಿಸಿದರು. ನೀರು ಇನ್ನೂ ಬಂದಿರಲಿಲ್ಲ, ಆದರೆ ಉದ್ಘಾಟನೆಗೆ ಅದರಿಂದ ಅಡ್ಡಿ ಇಲ್ಲವಲ್ಲ. ಅಡ್ಡಿ ಇದ್ದದ್ದು ಜನ ಸೇರಿಸುವುದಕ್ಕೆ. ಒಂದು ಸಂಜೆ ತೋಂಟದಾರ್ಯ ತಾನೇ ಕಲ್ಲಮ್ಮನ ಬಾಗಿಲಿಗೆ ಬಂದ.

"ಆಗಿದ್ದನ್ನೆಲ್ಲ ಮರೆತುಬುಡು ಕಲ್ಲಕ್ಕ. ನಾಳಿದ್ದು ನಲ್ಲಿ ಉದ್ಘಾಟನೆ. ಸಣ್ಣ ಕರೆ ಸಾಕು. ಬಂದು ಹೋಗಿ ಅಂತ ಹೇಳು."

"ಹೇಳಾಣ, ಅದಕ್ಕೇನು. ಹೆಂಗಸ್ರೆಲ್ಲ ಕೊಡ ಹಿಡ್ಕಂಡು ಬತ್ತಾರೆ."

"ಕೊಡ ಯಾಕೆ?"

"ನಾನು ಕರೆದ್ರೆ ನೀರೈತೆ ಅಂತ್ಲೇ ಬತ್ತಾರೆ ಕಣಪ್ಪ."

ಬೀದಿಗೆ ಬೀದಿಯೇ ಕೊಡ ಹಿಡಿದು ಒಣ ನಲ್ಲಿಯ ಮುಂದೆ ಸಾಲು ನಿಂತದ್ದನ್ನು ತೋಂಟದಾರ್ಯ ಮನಸ್ಸಿನಲ್ಲೇ ನೋಡಿರಬೇಕು. ಆಗಲಿ, ಯೋಚನೆ ಮಾಡಿ ಹೇಳುತ್ತೇನೆ ಎಂದು ಹೊರಟುಹೋದ. ಮಾರನೆಯ ದಿನ ಬೆಳಗಾಗುತ್ತಲೇ ಆಟೋ ಬಂತು. ನಲ್ಲಿಗೆ ನೀರು ಬರುತ್ತದೆ, ಸರ್ವರಿಗೂ ಆದರದ ಸ್ವಾಗತ ಎಂದು ಮೈಕು ಸಂಜೆಯವರೆಗೂ ಕೂಗಿತು.

ಉದ್ಘಾಟನೆಯ ಬೆಳಿಗ್ಗೆ ಕಲ್ಲಮ್ಮ ಮಂಡಿಗೆ ಹೊರಡಲು ಬಾಗಿಲು ಎಳೆದುಕೊಳ್ಳುತ್ತಿದ್ದಾಗ ಮೀನಾಕ್ಷಮ್ಮ ಎದುರಿಗೆ ಬಂದಳು. ಆ ಊಟದ ದಿನದಿಂದ ಇಬ್ಬರಿಗೂ ಮಾತಿರಲಿಲ್ಲ. ಸೊಂಟದ ಮೇಲೆ ಖಾಲಿ ಕೊಡ ಇತ್ತು. ಅವಳು ಆಚೆ ಈಚೆ ನೋಡಿ ದನಿ ತಗ್ಗಿಸಿದಳು.

"ಕಲ್ಲಕ್ಕ, ಮೈಕಿನಲ್ಲಿ ನೀರು ಬತ್ತದೆ ಅಂತ ಕೂಗ್ತಾವ್ರೆ. ನಿಜವಾ?"

"ಕರಿಯಾಕೆ ನನ್ನ ಕಳ್ಸಿಲ್ಲ ಕಣೇ" ಎಂದಳು ಕಲ್ಲಮ್ಮ.

ಮೀನಾಕ್ಷಮ್ಮ ಕೊಡ ಸರಿಮಾಡಿಕೊಂಡು ಬಾವಿಯ ಕಡೆ ತಿರುಗಿ ಹೋದಳು.